ಮಧುಗಿರಿ ಬೆಟ್ಟ, ಏದುಸಿರು ಮತ್ತು ಕ್ಯಾಲ್ಸಿಯಂ

ತುಮಕೂರಿಂದ ಕೊರಟಗೆರೆ ದಾಟಿ ಹೋದರೆ ಮಧುಗಿರಿಯ ತಲೆ ಮೇಲೇ ಆ ಬಂಡೆ ಎದ್ದು ನಿಂತಿದೆ. ಏಕಶಿಲೆ. ಬಿಸಿಲೇರುವ ಮುಂಚೆಯೇ ಕೋಟೆಯೊಳಗೆ ಕಾಲಿಟ್ಟೆವು. ಜೊತೆಗಿದ್ದವಳು ಅಕ್ಕನ ಮಗಳು. ಹೃದಯದ ಜೀವಕೋಶಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ.

ಮೊದಮೊದಲು ಮೆಟ್ಟಿಲು, ಮಾತಾಡುತ್ತಾ ಹತ್ತಬಹುದು. ಆಮೇಲೆ ಬರೀ ಬಂಡೆ: ಕಾಲೂರಲು ಕಡಿದ ಕಚ್ಚು, ಕೈಗೆ ಕಬ್ಬಿಣದ ಸರಳು. ಗಾಳಿ ಬೇರೆ ತಳ್ಳುತ್ತದೆ. ಎದೆ ಡವಡವ ಅನ್ನತೊಡಗಿ ಒಂದು ಬಾಗಿಲ ನೆರಳಲ್ಲಿ ಕುಸಿದು ಕೂತೆ.

"ಈಗ ನಿಮ್ಮೆದೆಯೊಳಗೆ ಏನಾಗ್ತಿದೆ ಗೊತ್ತಾ ಮಾವ?" ಅಂದಳು. ಇದಕ್ಕೇ ಕಾಯುತ್ತಿದ್ದಳೋ ಏನೋ.

ಹೃದಯದ ಸ್ನಾಯುಕೋಶವೂ ಈ ಕೋಟೆಯ ಹಾಗೇ ಅಂತೆ; ಬಾಗಿಲು ಎಷ್ಟಿವೆ ಅನ್ನೋದಕ್ಕಿಂತ ಎಲ್ಲಿವೆ ಅನ್ನೋದು ದೊಡ್ಡದು. ಕೋಶದ ಹೊರಪೊರೆ ಸುಮಾರು 2 ಮೈಕ್ರೋಮೀಟರಿಗೊಂದರಂತೆ ಒಳಕ್ಕೆ ಇಳಿದು ಸುರಂಗವಾಗುತ್ತದೆ. ಅದೇ ಟಿ-ಟ್ಯೂಬ್ಯೂಲ್. ಕ್ಯಾಲ್ಸಿಯಂ ಒಳಬಿಡುವ ಎಲ್-ಟೈಪ್ ಚಾನೆಲ್‌ಗಳು ಬಹುಪಾಲು ಈ ಸುರಂಗದ ಗೋಡೆಯಲ್ಲಿವೆ. ಎದುರಿಗೇ, ಬರೀ 12–15 ನ್ಯಾನೋಮೀಟರ್ ಆಚೆ, ಒಳಗಿನ ಕ್ಯಾಲ್ಸಿಯಂ ದಾಸ್ತಾನಿನ ಬಾಗಿಲಾದ ರಯನೊಡಿನ್ ರಿಸೆಪ್ಟರ್. ಈಚೆಯಿಂದ ಚೂರು ಕ್ಯಾಲ್ಸಿಯಂ ತಾಕಿದರೆ ಆಚೆಯಿಂದ ರಾಶಿ ಹೊರಬೀಳುತ್ತದೆ, ಸ್ನಾಯು ಬಿಗಿಯುತ್ತದೆ. ಹೃದಯ ವೈಫಲ್ಯವಾದವರಲ್ಲಿ ಸುರಂಗಗಳೇ ಹಾಳಾಗಿ ಈ ಎದುರುಬದುರು ತಪ್ಪುತ್ತದೆ. ಚಾನೆಲ್ ಇದ್ದೂ ಬಡಿತಕ್ಕೆ ಬಲವಿಲ್ಲ. ನನಗೆ ತೀರಾ ಹಿಡಿಸಿದ್ದು ಈ ಮಾತೇ.

ಸೋಡಿಯಂ ಚಾನೆಲ್‌ಗಳ ದಟ್ಟಣೆ ಕೋಶಕ್ಕೆ ಕೋಶ ಕೂಡುವ ತುದಿಗಳಲ್ಲಿ. ವಿದ್ಯುತ್ ಸಂಕೇತ ಪಕ್ಕದ ಕೋಶಕ್ಕೆ ದಾಟಬೇಕಲ್ಲ.

"ಬಿಗಿದದ್ದು ಸಡಿಲ ಆಗೋದು ಹೇಗೇ?" ಅಂದೆ, ಇನ್ನೂ ಸ್ವಲ್ಪ ಕೂರಬಹುದು ಅಂತ.

ಬಹುಪಾಲು ಕ್ಯಾಲ್ಸಿಯಮ್ಮನ್ನು ದಾಸ್ತಾನಿನ ಪೊರೆಯಲ್ಲಿರುವ ಸರ್ಕಾ ಪಂಪು ವಾಪಸ್ ಎಳೆದುಕೊಳ್ಳುತ್ತದೆ. ಉಳಿದದ್ದನ್ನು ಹೊರಪೊರೆಯ ವಿನಿಮಯ ಪ್ರೋಟೀನು 3 ಸೋಡಿಯಂ ಒಳಗೆ ತಗೊಂಡು 1 ಕ್ಯಾಲ್ಸಿಯಂ ಲೆಕ್ಕದಲ್ಲಿ ಆಚೆ ಹಾಕುತ್ತದೆ. ಒಳಬಂದ ಸೋಡಿಯಮ್ಮನ್ನು ಹೊರದಬ್ಬಲು ಅದೇ ಪೊರೆಯಲ್ಲಿ ಇನ್ನೊಂದು ಪಂಪು: 3 ಸೋಡಿಯಂ ಆಚೆ, 2 ಪೊಟ್ಯಾಸಿಯಂ ಒಳಗೆ.

ತುದಿಯಲ್ಲಿ ಮುರಿದ ಗೋಡೆ, ಕೆಳಗೆ ಊರು. ಹೆಚ್ಚು ಹೊತ್ತು ನಿಲ್ಲಲಿಲ್ಲ, ಬಿಸಿಲು. ಇಳಿಯುವಾಗ ಮೊಣಕಾಲಿನದ್ದೇ ಕಾಟ.

ಕೆಳಗೆ ಮಲ್ಲೇಶ್ವರನ ಗುಡಿ ಹತ್ತಿರ ಹೂವಿನ ಬುಟ್ಟಿಯಲ್ಲಿ ಕಣಗಿಲೆ ಕಂಡಿತು. "ಇದರ ವಿಷ ಹಿಡಿಯೋದು ಆ ಸೋಡಿಯಂ ಪಂಪನ್ನೇ ಮಾವ. ಸೋಡಿಯಂ ಒಳಗೇ ತುಂಬ್ಕೊಂಡ್ರೆ ಕ್ಯಾಲ್ಸಿಯಂ ಆಚೆ ಹೋಗಲ್ಲ, ಬಡಿತ ತಾಳ ತಪ್ಪುತ್ತೆ. ಇದರ ಕಡ್ಡಿ ಮುರಿದು ಹಲ್ಲುಜ್ಜೋಕೆ ಮಾತ್ರ ಹೋಗ್ಬೇಡಿ."

"ಅದಕ್ಕೆ ಬೇವಿದೆ ಕಣೇ," ಅಂದು ಇಡ್ಲಿ ಹೋಟೆಲು ಹುಡುಕಿದೆ.