ಮಡಿಕೇರಿಯಲ್ಲಿ 18.2

ಸ್ಕೂಬಾ ಡೈವಿಂಗ್‌ಗೆ ಒಂದು ಆಕ್ಸಿಜನ್ ಅನಲೈಸರ್ ಕೊಳ್ಳಬೇಕು ಅಂತಿದ್ದೆ, ಸಿಲಿಂಡರಿನ ಗಾಳಿಯಲ್ಲಿ ಆಕ್ಸಿಜನ್ ಶೇಕಡಾ ಎಷ್ಟಿದೆ ಅಂತ ತೋರಿಸೋ ಸಾಧನ. ಮಂಗಳೂರಿಂದ ಬಂದ ಗೆಳೆಯ ತನ್ನದನ್ನ ಕೈಗಿಟ್ಟ. ಜಗುಲಿಯಲ್ಲೇ ಆನ್ ಮಾಡಿದೆ.

18.2.

ಎದುರಿಗೆ ಮಳೆ ತೊಳೆದ ಕಾಫಿ ತೋಟ. ಇಂಥ ಗಾಳಿಗೆ 18? ಊರು ಯಾವುದಾದರೂ ಗಾಳಿಯಲ್ಲಿ ಆಕ್ಸಿಜನ್ ಶೇ. 20.9 ಅಲ್ವಾ!

ಮಂಗಳೂರಲ್ಲಿ 20.9ಕ್ಕೆ ಹೊಂದಿಸಿ ತಂದಿದ್ದನಂತೆ. ಈ ಥರದ ಸೆನ್ಸರ್ ನಿಜಕ್ಕೂ ಅಳೆಯೋದು ಆಕ್ಸಿಜನ್ನಿನ ಒತ್ತಡವನ್ನ. ಸಾವಿರ ಮೀಟರ್ ದಾಟಿ ಘಟ್ಟ ಹತ್ತಿದ್ರೆ ಒತ್ತಡ ಇಳಿಯುತ್ತೆ, ಅಂಕೆಯೂ ಇಳಿಯುತ್ತೆ.

ಉಲ್ಟಾ ಯೋಚಿಸಿ ಎದೆ ಝಲ್ಲಂತು. ಇಲ್ಲಿ ಹೊಂದಿಸಿ ಹಾಗೇ ಡೈವಿಂಗ್‌ಗೆ ನೇತ್ರಾಣಿ ದ್ವೀಪಕ್ಕೆ ಒಯ್ದರೆ, ಶೇ. 32 ಆಕ್ಸಿಜನ್ ಇರೋ ನೈಟ್ರಾಕ್ಸ್ (ಆಕ್ಸಿಜನ್ ಹೆಚ್ಚಿಸಿದ ಡೈವಿಂಗ್ ಗಾಳಿ) 36ರ ಮೇಲೆ ತೋರಿಸುತ್ತೆ. ನೈಟ್ರೋಜನ್ ಕಡಿಮೆ ಇದೆ ಅಂತ ನಂಬಿ ನೀರಿನಡಿ ಹೆಚ್ಚು ಹೊತ್ತು ಇದ್ದುಬಿಡ್ತೀವಿ. ಜೀವದ ಪ್ರಶ್ನೆ ಅದು.

ಹಾಗಾಗಿ ಬ್ಲೂಟೂತ್, ಬಣ್ಣದ ಪರದೆ ಯಾವುದೂ ಬೇಡ. ಸಿಲಿಂಡರ್ ಪಕ್ಕ ನಿಂತು, ಒದ್ದೆ ಕೈಯಲ್ಲೇ ತಿರುಗಿಸಿ ಹೊಂದಿಸೋಕೆ ಒಂದು ದೊಡ್ಡ ಗುಂಡಿ ಇರಬೇಕು. ಸೆನ್ಸರ್ ಬಿಚ್ಚಿ ಬದಲಾಯಿಸೋ ಹಾಗಿರಬೇಕು. ಪೆಟ್ಟಿಗೆಯಲ್ಲಿ ಸುಮ್ಮನೆ ಇಟ್ಟರೂ ಅದು ಸವೆಯುತ್ತೆ, ಎರಡು ಮೂರು ವರ್ಷ ಅಷ್ಟೇ ಆಯಸ್ಸು.

ಸೆನ್ಸರ್ ತಯಾರಾದ ತಿಂಗಳು ಯಾವುದು ಅಂತ ಅಂಗಡಿಯವರನ್ನ ಕೇಳಿದ್ದೀನಿ. ಉತ್ತರ ಬಂದ ಮೇಲೇ ದುಡ್ಡು ಕಳಿಸೋದು.