ವರುಣಾ ಕೆರೆಯಲ್ಲಿ ಕಡಲಿನ ತಯಾರಿ: ಮಗುಚಿದ ಕಯಾಕ್ ಹತ್ತುವ ಅಭ್ಯಾಸ

ಕಯಾಕ್ ಅಂದರೆ ಉದ್ದನೆಯ ಕಿರಿದಾದ ಸಣ್ಣ ದೋಣಿ. ಅದು ಮಗುಚಿದಾಗ ಪ್ಯಾಡಲ್‌ನ (ಹುಟ್ಟಿನ) ತುದಿಗೆ ಪ್ಯಾಡಲ್ ಫ್ಲೋಟ್ ಅನ್ನುವ ಗಾಳಿಚೀಲ ಕಟ್ಟಿ ಮತ್ತೆ ಹತ್ತುವುದು ಈಗ ಕೈಗೆ ಕುದುರಿದೆ. ಮೊದಲು ನಿಂತ ನೀರಿನಲ್ಲಿ ಮಾತ್ರ ಆಗುತ್ತಿತ್ತು. ಈ ವಾರ ಗಾಳಿ ಇರುವಾಗಲೂ ಆಯಿತು.

ಟಿ. ನರಸೀಪುರ ರಸ್ತೆಯ ವರುಣಾ ಕೆರೆಯಲ್ಲಿ ನನ್ನ ಅಭ್ಯಾಸ. ಮೈಸೂರಿಂದ ಹತ್ತಿರ. ಮಳೆಗಾಲದ ಗಾಳಿ ಶುರುವಾದರೆ ಮಧ್ಯಾಹ್ನದ ಹೊತ್ತಿಗೆ ಸಣ್ಣ ಅಲೆಗಳೂ ಏಳುತ್ತವೆ. ಕಾವೇರಿಯೇ ಇದೆಯಲ್ಲ, ಅಲ್ಲೇ ಮಾಡಬಹುದಲ್ವಾ ಅಂತ ಕೇಳುವವರಿದ್ದಾರೆ. ರಂಗನತಿಟ್ಟಿನ ಸುತ್ತಮುತ್ತ ಮೊಸಳೆಗಳಿವೆ. ಬೇಕಂತಲೇ ನೀರಿಗೆ ಬೀಳುವ ಅಭ್ಯಾಸಕ್ಕೆ ಅದು ಜಾಗವಲ್ಲ. ಕೆರೆಯಲ್ಲೂ ಅಲ್ಲಿಯವರು ಸರಿ ಅಂದ ಕಡೆಯಲ್ಲೇ ಇಳಿಯುತ್ತೇನೆ. ಲೈಫ್ ಜಾಕೆಟ್ ಬಿಗಿದಿರುತ್ತೇನೆ, ಪಕ್ಕದಲ್ಲಿ ಇನ್ನೊಂದು ಕಯಾಕ್‌ನಲ್ಲಿ ಗೆಳೆಯ ಇರುತ್ತಾನೆ.

ನೀರು ಒಳಗೆ ಬರದಂತೆ ಸೊಂಟದ ಸುತ್ತ ಹಾಕಿ ಕೂರುವ ಜಾಗದ ಬಾಯಿ ಮುಚ್ಚುವ ಹೊದಿಕೆಯೇ ಸ್ಪ್ರೇ ಸ್ಕರ್ಟ್. ಬೋಟು ಮಗುಚಿದ ಕೂಡಲೇ ಅದರ ಮುಂದಿನ ಪಟ್ಟಿ ಹುಡುಕಿ ಎಳೆದು ಹೊರಗೆ ಬರಬೇಕು. ಇದಕ್ಕೆ ಈಗ ಯೋಚನೆಯೇ ಬೇಕಾಗಿಲ್ಲ, ಕೈ ತಾನಾಗೇ ಹೋಗುತ್ತದೆ. ಕಷ್ಟ ಇರುವುದು ಆಮೇಲೆ. ಬೋಟನ್ನೂ ಬಿಡಬಾರದು, ಪ್ಯಾಡಲನ್ನೂ ಬಿಡಬಾರದು. ಗಾಳಿಗೆ ಖಾಲಿ ಕಯಾಕ್ ಓಡುವ ವೇಗಕ್ಕೆ ಈಜಿ ಹಿಡಿಯುವುದು ಆಗದ ಮಾತು. ಆದರೆ ಫ್ಲೋಟ್‌ಗೆ ಗಾಳಿ ಊದಲು ಎರಡೂ ಕೈ ಬೇಕು. ಅದಕ್ಕೆ ಒಂದು ಕಾಲನ್ನು ಕಾಕ್‌ಪಿಟ್ (ಕೂರುವ ಕುಳಿ) ಒಳಗೆ ಸಿಕ್ಕಿಸಿಕೊಳ್ಳುತ್ತೇನೆ. ಬೋಟು ಕಾಲಿಗೆ ಕಟ್ಟಿದ ಹಾಗೆ ಜೊತೆಗೇ ಇರುತ್ತದೆ.

ಫ್ಲೋಟ್ ತುಂಬಿದ ಮೇಲೆ, ಬೋಟನ್ನು ನೆಟ್ಟಗೆ ತಿರುಗಿಸಿ, ಪ್ಯಾಡಲನ್ನು ಕಾಕ್‌ಪಿಟ್ ಹಿಂದೆ ಅಡ್ಡ ಇಡುವುದು. ಕಾಲು ಬಡಿದು ಎದೆಯನ್ನು ಹಿಂದಿನ ಡೆಕ್ (ಬೋಟಿನ ಮೇಲ್ಮೈ) ಮೇಲೆ ಎಳೆದುಕೊಳ್ಳುವುದು. ಒಂದು ಕಾಲನ್ನು ಪ್ಯಾಡಲ್ ಹಿಡಿಕೆ ಮೇಲೆ ಇಟ್ಟು, ಮುಖ ಹಿಂಬದಿಗೆ ಇರುವಂತೆ ಬೋರಲಾಗಿ ಮಲಗಿ, ಕಾಲುಗಳನ್ನು ಒಂದೊಂದಾಗಿ ಒಳಗೆ ಜಾರಿಸುವುದು. ತಿರುಗಿ ಕೂರುವಾಗ ಫ್ಲೋಟ್ ಇರುವ ಕಡೆಗೇ ತಿರುಗಬೇಕು, ಭಾರವೂ ಆ ಕಡೆಗೇ ಇರಬೇಕು. ಇಡೀ ಕೆಲಸದಲ್ಲಿ ಸುಮ್ನೆ ಅವಸರ ಮಾಡಿದರೆ ಕೆಡುವ ಜಾಗ ಇದೊಂದೇ.

ಹತ್ತಿ ಕೂತರೆ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ನನಗೆ ಈಗ ಗಟ್ಟಿಯಾಗಿ ಅನ್ನಿಸುವುದು ಬೇರೆ: ಒಳಗಿನ ನೀರು ಹೊರಗೆ ಹೋಗುವ ತನಕ ನಾವು ಪಾರಾಗಿಲ್ಲ. ಒಂದು ಲೀಟರ್ ನೀರೆಂದರೆ ಒಂದು ಕೆಜಿ ಭಾರ. ಬೋಟು ಸ್ವಲ್ಪ ವಾಲಿದರೂ ಆ ಭಾರವೆಲ್ಲ ಅದೇ ಕಡೆಗೆ ನುಗ್ಗಿ ಇನ್ನಷ್ಟು ವಾಲಿಸುತ್ತದೆ. ಹಾಗಾಗಿ ಫ್ಲೋಟ್ ಬಿಚ್ಚದೆ, ಆ ಕಡೆ ಸ್ವಲ್ಪ ಒರಗಿಕೊಂಡೇ ಮೊದಲು ಸ್ಕರ್ಟ್ ಹಾಕಿಕೊಳ್ಳುತ್ತೇನೆ. ಪಕ್ಕದಲ್ಲಿ ಒಂದು ಸಂದು ಬಿಟ್ಟು ಅಲ್ಲಿಂದ ಕೈಪಂಪ್ ಇಳಿಸಿ ನೀರು ತೆಗೆಯುತ್ತೇನೆ. ಸ್ಕರ್ಟ್ ಇಲ್ಲದಿದ್ದರೆ ತೆಗೆದಷ್ಟೂ ನೀರು ಮುಂದಿನ ಅಲೆಗೆ ವಾಪಸ್ ಬರುತ್ತದೆ. ಗೆಳೆಯನಿಗೂ ಹೇಳಿದ್ದೇನೆ, ಸ್ಕರ್ಟ್ ಪೂರ್ತಿ ಹಾಕಿ ಪ್ಯಾಡಲ್ ಕೈಗೆ ಬಂದ ಮೇಲೆಯೇ "ಆಯ್ತು" ಅನ್ನು ಅಂತ.

ಫ್ಲೋಟ್ ಇಲ್ಲದೆ ಹಿಂದಿನಿಂದ ಕುದುರೆ ಹತ್ತಿದ ಹಾಗೆ ಹತ್ತುವ ವಿಧಾನವೂ ಇದೆ. ಬೇಗ ಆಗುತ್ತದೆ, ಆದರೆ ಅಲೆ ಇದ್ದಾಗ ನನಗೆ ಅದರ ಮೇಲೆ ನಂಬಿಕೆ ಇಲ್ಲ.

ಎಲ್ಲಕ್ಕಿಂತ ಒಳ್ಳೆಯದು ಹೊರಗೆ ಬರದೇ ಇರುವುದು, ಅಂದರೆ ರೋಲ್: ಒಳಗೆ ಕೂತಿದ್ದ ಹಾಗೇ ಮಗುಚಿದ ಬೋಟನ್ನು ಮತ್ತೆ ನೆಟ್ಟಗೆ ತಿರುಗಿಸುವುದು. ಗ್ರೀನ್‌ಲ್ಯಾಂಡಿನ ಇನ್ಯುಟ್ ಬೇಟೆಗಾರರಿಗೆ ಇದು ಜೀವದ ಪ್ರಶ್ನೆಯಾಗಿತ್ತು. ಆ ಹಿಮದ ನೀರಿನಲ್ಲಿ ಈಜುತ್ತಾ ಇರಲು ಆಗುವುದಿಲ್ಲ. ನನ್ನ ರೋಲ್ ಇನ್ನೂ ಅರ್ಧದಲ್ಲಿದೆ. ಸೊಂಟದಿಂದ ಬೋಟು ತಿರುಗಿಸುವುದು ಬಂದಿದೆ. ತಲೆಯನ್ನು ಕೊನೆಗೆ ಎತ್ತುವುದು ಬರಬೇಕು. ತಲೆ ಮೊದಲೇ ಮೇಲೆದ್ದರೆ ಬೋಟು ವಾಪಸ್ ಮಗುಚುತ್ತದೆ. ಸದ್ಯಕ್ಕೆ ಗೆಳೆಯನ ಬೋಟಿನ ಮೂತಿ ಹಿಡಿದುಕೊಂಡು ಇದೊಂದನ್ನೇ ತಿದ್ದುತ್ತಿದ್ದೇನೆ.

ಮಳೆಗಾಲ ಕಳೆದು ಕಡಲು ತಣ್ಣಗಾದ ಮೇಲೆ ಮಲ್ಪೆಯಲ್ಲಿ, ಬಲ್ಲವರ ಜೊತೆ ದಡದ ಹತ್ತಿರವೇ ಇದನ್ನೆಲ್ಲ ಮತ್ತೆ ಮಾಡಬೇಕು. ಅದಕ್ಕೂ ಮೊದಲು ಪಂಪನ್ನು ಡೆಕ್‌ಗೆ ಕಟ್ಟಲು ಒಂದು ಗಟ್ಟಿ ದಾರ ಹುಡುಕಬೇಕು. ಈಗಿರುವ ರಬ್ಬರ್ ಸಡಿಲವಾಗಿದೆ.