ಪೈಜಾಮ ಮೊದಲು, ಬಸ್ ಟೈಮು ಕೊನೆಗೆ

ಅಮೆರಿಕದ ಒಂದು ಎಲಿಮೆಂಟರಿ ಶಾಲೆಯ ಆಫೀಸಿನಲ್ಲಿ ನನ್ನ ಕೆಲಸ. ಒಳಗೆ ಬಂದ ಕೂಡಲೇ ಸಿಗುವ ಕೌಂಟರ್ ನನ್ನದು. ಫೋನು, ಹಾಜರಿ, ತಡವಾಗಿ ಬಂದ ಮಕ್ಕಳ ಚೀಟಿ, ಬೇಗ ಹೋಗುವ ಮಕ್ಕಳ ಸಹಿ, ಮಕ್ಕಳ ಕೈಲಿ ಮನೆಗೆ ಕಳಿಸುವ ಗುರುವಾರದ ಫೋಲ್ಡರು, ಶುಕ್ರವಾರದ ನ್ಯೂಸ್‌ಲೆಟರು, ಎಲ್ಲ ಇಲ್ಲಿಂದಲೇ ಹೊರಡಬೇಕು. ಚಳಿಗಾಲದ ರಜೆಗೆ ಮುಂಚಿನ ವಾರ ಬಂತೆಂದರೆ ಈ ಕೌಂಟರಿನ ಮೇಲೆ ಕೈ ಇಡಲೂ ಜಾಗ ಇರುವುದಿಲ್ಲ.

ಆ ವಾರ ನನಗೆ ಇಷ್ಟ. ಮಕ್ಕಳು ಹಾಡುವ ಕಾರ್ಯಕ್ರಮ ಇರುತ್ತದೆ, ಎರಡನೇ ಕ್ಲಾಸಿನವರು ಸಾಲಿನ ಕೊನೆಯ ಪದವನ್ನು ಕೂಗಿಯೇ ಹಾಡುತ್ತಾರೆ. ಪಿಟಿಎ (ಪೋಷಕರು-ಶಿಕ್ಷಕರ ಸಂಘ) ತಾಯಂದಿರು ಕೋಟು, ಟೋಪಿ ಸಂಗ್ರಹಿಸಿ ಬೇಕಾದವರಿಗೆ ಸದ್ದಿಲ್ಲದೆ ತಲುಪಿಸುತ್ತಾರೆ. ಕಳೆದುಹೋದ ಸಾಮಾನನ್ನೆಲ್ಲ ಕೆಫೆಟೇರಿಯಾ ಗೋಡೆಯ ಪಕ್ಕ ಹರಡುತ್ತೇವೆ. ಹೆಸರಿಲ್ಲದ ಜಾಕೆಟ್ಟುಗಳು, ಜೋಡಿ ತಪ್ಪಿದ ಕೈಗವಸುಗಳು. ರಜೆಯ ಹೊತ್ತಿಗೆ ಯಾರೂ ಬಾರದಿದ್ದರೆ ದಾನಕ್ಕೆ ಹೋಗುತ್ತವೆ. ಇದರ ನಡುವೆ ವಾಂತಿ-ಭೇದಿಯ ಸೋಂಕು ಒಂದು ಕ್ಲಾಸಿನಿಂದ ಇನ್ನೊಂದಕ್ಕೆ ಹಬ್ಬುತ್ತದೆ. ನೊರೊವೈರಸ್ ವಿಷಯದಲ್ಲಿ ಸ್ಯಾನಿಟೈಸರ್ ನಂಬಬೇಡಿ, ಸೋಪು ನೀರಲ್ಲೇ ಕೈ ತೊಳೆಸಿ ಎಂದು ನಮ್ಮ ನರ್ಸ್ ಪ್ರತಿ ಕ್ಲಾಸಿಗೂ ಹೋಗಿ ಹೇಳುತ್ತಾರೆ. ನಿಂತ ಮೇಲೂ 48 ಗಂಟೆ ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಅಪ್ಪ ಅಮ್ಮಂದಿರಿಗೆ ಫೋನ್ ಮಾಡುವುದು ನಾನು. ಅವರಿಗೂ ಕಷ್ಟವೇ. ಕೆಲಸಕ್ಕೆ ಹೋಗದಿದ್ದರೆ ಆ ದಿನದ ದುಡ್ಡಿಲ್ಲ ಅನ್ನುವವರು ನಮ್ಮಲ್ಲಿ ಜಾಸ್ತಿ.

ಹೀಗಾಗಿ ರಜೆಗೆ ಮುಂಚಿನ ನ್ಯೂಸ್‌ಲೆಟರು ಯಾವಾಗಲೂ ಉದ್ದ. ನಾನು ಹೇಳಹೊರಟ ವರ್ಷ ಇನ್ನೂ ಉದ್ದವಾಗಿತ್ತು. ಪ್ರಿನ್ಸಿಪಾಲ್ ಅವರಿಗೆ ಅದು ಚೆನ್ನಾಗಿ ಕಾಣಬೇಕು. ಮೊದಲು ಹಾಡಿನ ಕಾರ್ಯಕ್ರಮದ ಫೋಟೋ. ಅದರ ಕೆಳಗೆ ಆ ವಾರದ ವೇಷಗಳ ಪಟ್ಟಿ: ಸೋಮವಾರ ವಿಚಿತ್ರ ಸಾಕ್ಸು, ಬುಧವಾರ ಟೋಪಿ, ಶುಕ್ರವಾರ ಪೈಜಾಮ. ಆಮೇಲೆ ಪಿಟಿಎಗೆ ಧನ್ಯವಾದ, ಓದುವ ಸ್ಪರ್ಧೆ, ರಿಪೋರ್ಟ್ ಕಾರ್ಡ್ ದಿನಾಂಕ, ಜಾಕೆಟ್ಟುಗಳ ವಿಷಯ. ಕೊನೆಯ ಭಾಗ ‘ನೆನಪಿಡಿ’. ಅಲ್ಲಿ ಒಂದೇ ಸಾಲು: ಶುಕ್ರವಾರ ಹಾಫ್ ಡೇ, ಬಿಡುವುದು 12.15ಕ್ಕೆ.

ಆಗಸ್ಟಿನಲ್ಲಿ ಕೊಟ್ಟ ಕ್ಯಾಲೆಂಡರಿನಲ್ಲೂ ಅದು ಇತ್ತು. ಗುರುವಾರ ಅದೇ ನ್ಯೂಸ್‌ಲೆಟರನ್ನು, ಮನೆಯವರ ಫೋನಿಗೂ ಇಮೇಲಿಗೂ ಸಂದೇಶ ಕಳಿಸುವ ಶಾಲೆಯ ಆ್ಯಪಿನಲ್ಲಿ ಮತ್ತೊಮ್ಮೆ ಕಳಿಸಿದೆ. ಎಲ್ಲ ಹೆಸರಿನ ಮುಂದೆ ‘ಡೆಲಿವರ್ಡ್’ ಅಂತ ಬಂತು. ಎಲ್ಲರಿಗೂ ಗೊತ್ತಾಗಿದೆ ಎಂದುಕೊಂಡೆ.

ಶುಕ್ರವಾರ ಬೆಳಗ್ಗೆ 11ರ ಸುಮಾರಿಗೆ ಕಿಂಡರ್‌ಗಾರ್ಟನ್ ಟೀಚರ್ ಫೋನ್ ಮಾಡಿದರು. ಅವರ ಕ್ಲಾಸಿನ ಒಂದು ಮಗು, ‘ಈಗ ಮನೆಗೆ ಹೋದರೆ ಅಮ್ಮ ಇರಲ್ಲ’ ಅನ್ನುತ್ತಿದೆ, ಏನು ಮಾಡಲಿ ಅಂದರು. ಕಂಪ್ಯೂಟರ್ ನೋಡಿದೆ. ಬಸ್ ಅಂತಿದೆ. ಬದಲಾವಣೆ ಕೇಳಿ ಮನೆಯಿಂದ ಚೀಟಿ ಬಂದಿಲ್ಲ. ಮಗುವಿನ ಮಾತಿನ ಮೇಲೆ ಬಸ್ಸಿನವರನ್ನು ಕಾರ್ ಲೈನಿಗೆ (ಮನೆಯವರು ಕಾರಿನಲ್ಲಿ ಬಂದು ಕರೆದೊಯ್ಯುವ ಸಾಲು) ಬದಲಾಯಿಸುವಂತಿಲ್ಲ. ಆ ನಿಯಮ ಸರಿಯಾಗಿಯೇ ಇದೆ. ಅಪ್ಪ ಅಮ್ಮ ಬೇರೆಯಾಗಿ ಕೋರ್ಟಿನಲ್ಲಿ ಮಗುವಿನ ವಿಷಯ ನಡೆಯುತ್ತಿರುವ ಮನೆಗಳಿವೆ. ಮಗು ಯಾರ ಕೈಗೆ ಹೋಗುತ್ತದೆ ಅನ್ನುವುದನ್ನು ಬಾಯಿಮಾತಿಗೆ ಬಿಡಲಾಗದು. ‘ಬಸ್ಸಿಗೇ ಕಳಿಸಿ’ ಅಂದೆ.

ಆದರೆ ತಾಯಿಗೆ ಒಂದು ಫೋನ್ ಮಾಡಬೇಡ ಎಂದು ಯಾವ ನಿಯಮವೂ ಹೇಳುವುದಿಲ್ಲ, ಅಲ್ವಾ? ಆಗ ನನ್ನ ಮುಂದೆ ಜನ ಸಾಲು ನಿಂತಿದ್ದರು. ಒಳಗೆ ನರ್ಸ್ ಕೋಣೆಯಲ್ಲಿ ಇಬ್ಬರು ಮಕ್ಕಳು ಬಕೆಟ್ ಹಿಡಿದು ಕೂತಿದ್ದರು. ಆರು ವರ್ಷ ತುಂಬದ ಮಗುವಿಗೆ ಅಮ್ಮನ ಕೆಲಸದ ಹೊತ್ತು ಏನು ಗೊತ್ತಿರುತ್ತದೆ ಅನ್ನುವ ಯೋಚನೆಯೂ ಬಂದದ್ದು ನಿಜ. ಆ ಮಗುವಿಗೆ ಸರಿಯಾಗಿಯೇ ಗೊತ್ತಿತ್ತು. ದಿನಾ ಬಸ್ಸಿಳಿದಾಗ ಅಮ್ಮ ಈಗಷ್ಟೇ ಕೆಲಸದಿಂದ ಬಂದು ನಿಂತಿರುವುದನ್ನು ನೋಡುತ್ತದೆ. ಹೊರಗೆ ಬೆಳಕು ಎಷ್ಟಿರುತ್ತದೆ ಅನ್ನುವುದೂ ಅದಕ್ಕೆ ಗೊತ್ತು.

12.40ಕ್ಕೆ ಡಿಸ್ಪ್ಯಾಚಿನಿಂದ, ಅಂದರೆ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೂತು ಬಸ್ಸುಗಳ ಜೊತೆ ಮಾತಾಡುವವರಿಂದ, ಫೋನು. ಸ್ಟಾಪಿನಲ್ಲಿ ಯಾರೂ ಇಲ್ಲ. ನಮ್ಮ ಸ್ಕೂಲ್ ಡಿಸ್ಟ್ರಿಕ್ಟಿನಲ್ಲಿ (ಈ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ಕಿಂಡರ್‌ಗಾರ್ಟನ್ ಮಗುವನ್ನು ದೊಡ್ಡವರ ಕೈಗೆ ಕೊಡದೆ ಇಳಿಸುವಂತಿಲ್ಲ. ಡ್ರೈವರ್ ಕಾಯುತ್ತಿದ್ದಾರೆ, ಹಿಂದೆ ಕಾರುಗಳು ನಿಂತಿವೆ. ಎದುರು ಮನೆಯ ಹೆಂಗಸೊಬ್ಬರು ಬಂದು, ‘ನನಗೆ ಈ ಮಗು ಗೊತ್ತು, ಅವರಮ್ಮ ಬರೋವರೆಗೆ ನಾನು ನೋಡ್ಕೋತೀನಿ’ ಅನ್ನುತ್ತಿದ್ದಾರಂತೆ. ‘ಮಗುವನ್ನು ಕರೆದೊಯ್ಯಬಹುದಾದವರ ಲಿಸ್ಟಲ್ಲಿ ಇದ್ದಾರಾ?’ ಎಂದು ಡಿಸ್ಪ್ಯಾಚಿನವರು ಕೇಳಿದರು. ಇರಲಿಲ್ಲ. ಆಕೆ ಒಳ್ಳೆಯವರೇ ಇರಬೇಕು. ಆದರೂ ಇಲ್ಲ ಎಂದೇ ಹೇಳಬೇಕಾಯಿತು. ಬಸ್ಸು ಮಗುವಿನ ಸಮೇತ ಮುಂದೆ ಹೋಯಿತು.

ಅದೇ ಬಸ್ಸು ಮುಂದೆ ಮಿಡಲ್ ಸ್ಕೂಲಿನ ಮಕ್ಕಳನ್ನೂ ಬಿಡಬೇಕು. ಆ ಸುತ್ತು ಮುಗಿಯದೆ ನಮ್ಮಲ್ಲಿಗೆ ಬರುವುದಿಲ್ಲ.

ತಾಯಿಯ ನಂಬರಿಗೆ ಮಾಡಿದೆ. ಈ ನಂಬರು ಬಳಕೆಯಲ್ಲಿಲ್ಲ ಎಂದಿತು. ಒಂದು ಅಂಕಿ ತಪ್ಪಿರಬಹುದೇ ಎಂದು ನೋಡಿ ನೋಡಿ ಮತ್ತೆ ಒತ್ತಿದೆ. ಅದೇ ಉತ್ತರ. ತಂದೆಯ ನಂಬರು ನೇರ ವಾಯ್ಸ್‌ಮೇಲಿಗೆ ಹೋಯಿತು. ಅವರು ಗೋದಾಮಿನಲ್ಲಿ ಕೆಲಸ ಮಾಡುತ್ತಾರೆ, ಶಿಫ್ಟಿನಲ್ಲಿ ಫೋನ್ ಲಾಕರಿನಲ್ಲಿಡಬೇಕು ಎಂದು ಆಮೇಲೆ ತಿಳಿಯಿತು. ತುರ್ತು ಸಂಪರ್ಕಕ್ಕೆ ಕೊಟ್ಟ ಚಿಕ್ಕಮ್ಮ ಫೋನ್ ತೆಗೆದರು. ಆದರೆ ಅವರು ಬೇರೆ ರಾಜ್ಯಕ್ಕೆ ಹೋಗಿ ಎಷ್ಟೋ ದಿನವಾಗಿತ್ತು. ಅಕ್ಕನ ಹೊಸ ನಂಬರು ಹುಡುಕಿ ಹೇಳುತ್ತೇನೆ ಎಂದು ಗಾಬರಿಯಲ್ಲಿ ಫೋನ್ ಇಟ್ಟರು. ಸುಮ್ನೆ ಅವರ ಎದೆಯಲ್ಲೂ ಬೆಂಕಿ ಹಚ್ಚಿದ ಹಾಗಾಯಿತು.

1 ಗಂಟೆಗೆ ಡಿಸ್ಪ್ಯಾಚಿಗೆ ಮತ್ತೆ ಮಾಡಿದೆ. ರಜೆಯ ಶುಭಾಶಯ ಹೇಳುವ ರೆಕಾರ್ಡಿಂಗ್ ಬಂತು. ಟ್ರಾನ್ಸ್‌ಪೋರ್ಟ್ ಆಫೀಸಿಗೂ ಆವತ್ತು ಹಾಫ್ ಡೇ. ಬಸ್ಸುಗಳು ಇನ್ನೂ ರಸ್ತೆಯಲ್ಲಿವೆ, ಅವುಗಳ ಜೊತೆ ಮಾತಾಡುವವರು ಮನೆಗೆ ಹೋಗಿದ್ದಾರೆ. ಮಗು ಯಾವ ಬಸ್ಸಿನಲ್ಲಿದೆ ಎಂದು ನನಗೆ ಗೊತ್ತು. ಬಸ್ಸು ಎಲ್ಲಿದೆ ಎಂದು ಹೇಳುವವರು ಯಾರೂ ಇಲ್ಲ. ಪ್ರಿನ್ಸಿಪಾಲ್ ತಮ್ಮ ಮೊಬೈಲಿನಿಂದ ಮೇಲಿನವರಿಗೆ ಒಬ್ಬೊಬ್ಬರಿಗೇ ಮಾಡುತ್ತಾ ಹೋದರು. ಹೊರಗೆ ಕಾರ್ ಲೈನ್ ಖಾಲಿಯಾಗಿತ್ತು. ಟೀಚರುಗಳು ಬಾಗಿಲಲ್ಲಿ ಇಣುಕಿ ಶುಭಾಶಯ ಹೇಳಿ ಹೋಗುತ್ತಿದ್ದರು. ಕಿಂಡರ್‌ಗಾರ್ಟನ್ ಟೀಚರ್ ಮಾತ್ರ ಹೋಗಲಿಲ್ಲ. ಕೋಟು ಹಾಕಿಕೊಂಡೇ ನನ್ನ ಎದುರು ಕೂತರು. ‘ನಾನು ನಿಮಗೆ ಫೋನ್ ಮಾಡಿ ಹೇಳಿದ್ದೆ’ ಅನ್ನುವ ಮಾತು ಅವರ ಬಾಯಿಂದ ಬರಲಿಲ್ಲ. ಬಂದಿದ್ದರೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ದಾರಿ ತೋರಿಸಿದ್ದು ನರ್ಸ್. ಅಕ್ಟೋಬರಿನಲ್ಲಿ ಆ ಮಗುವಿಗೆ ಜ್ವರ ಬಂದಿತ್ತು. ಆಗ ತಾಯಿ ತಾನು ಕೆಲಸ ಮಾಡುವ ವೃದ್ಧಾಶ್ರಮದ ಅಡುಗೆಮನೆಯ ನಂಬರು ಕೊಟ್ಟಿದ್ದರು. ನರ್ಸ್ ಅದನ್ನು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು. ಕಂಪ್ಯೂಟರಿಗೆ ಅದು ಹೋಗಿರಲಿಲ್ಲ. ಹೊಸ ಮೊಬೈಲ್ ನಂಬರು ಕೂಡ ನವೆಂಬರಿನ ಪೋಷಕರ ಸಭೆಯ ಹಾಳೆಯಲ್ಲಿತ್ತು. ಆ ಹಾಳೆ ಕ್ಲಾಸಿನ ಫೈಲಿನಲ್ಲೇ ಉಳಿದಿತ್ತು. ಅಂದರೆ ಒಂದು ಮನೆಯ ಬಗ್ಗೆ ಶಾಲೆಗೆ ಗೊತ್ತಿದ್ದದ್ದೆಲ್ಲ ಮೂರು ಕಡೆ ಹಂಚಿಹೋಗಿತ್ತು. ನಾನು ನೋಡುತ್ತಿದ್ದ ಕಡೆ ಮಾತ್ರ ಏನೂ ಇರಲಿಲ್ಲ. ಮತ್ತೆ ಆ ‘ಡೆಲಿವರ್ಡ್’? ಅದು ತಾಯಿಯ ಇಮೇಲಿಗೆ ಹೋದದ್ದಕ್ಕೆ ಬಂದ ಗುರುತು. ಫೋನಿಗೆ ಕಳಿಸಿದ ಸಂದೇಶ ಬಿದ್ದುಹೋದದ್ದನ್ನು ಆ್ಯಪು ತೋರಿಸುವುದೇ ಇಲ್ಲ. ಎರಡರಲ್ಲಿ ಒಂದು ತಲುಪಿದರೂ ಒಂದೇ ಹಸಿರು ಗುರುತು ಹಾಕುತ್ತದೆ. ಇದಕ್ಕೆ ಡಿಸ್ಟ್ರಿಕ್ಟ್ ದುಡ್ಡು ಕೊಡುತ್ತಿದೆ.

ತಾಯಿ ಫೋನಿಗೆ ಬಂದಾಗ ಹಿಂದೆ ಪಾತ್ರೆಗಳ ಸದ್ದು. ನಾನು ಮೊದಲು ಹೇಳಿದ್ದು, ಮಗು ಸುರಕ್ಷಿತವಾಗಿದೆ, ಬಸ್ಸಿನಲ್ಲೇ ಇದೆ ಎಂದು. ಬಸ್ಸು ಕಣ್ಣಿಗೆ ಬೀಳುವವರೆಗೆ ನನಗೇ ಆ ಮಾತಿನ ಮೇಲೆ ಪೂರ್ತಿ ಧೈರ್ಯ ಇರಲಿಲ್ಲ.

ಬಸ್ಸು ಬಂದಾಗ 1.50. ಡ್ರೈವರ್ ಮಗುವನ್ನು ತಮ್ಮ ಸೀಟಿನ ಹಿಂದೆಯೇ ಕೂರಿಸಿಕೊಂಡು ಇಡೀ ಸುತ್ತು ಮಾತಾಡಿಸಿಕೊಂಡು ಬಂದಿದ್ದರು. ಈ ಕೆಲಸದಲ್ಲಿ ಅಂಥವರು ಸಿಗುವುದು ದೊಡ್ಡ ಪುಣ್ಯ. ಮಗು ಅತ್ತಿರಲಿಲ್ಲ. ಹಸಿವು ಎಂದಿತು. ಹೌದಲ್ಲ, ಹಾಫ್ ಡೇ ಎಂದು ಊಟವನ್ನು ಬೇಗ ಮುಗಿಸಿದ್ದರು.

ತಿನ್ನಲು ಏನಾದರೂ ತರೋಣ ಎಂದು ಕೌನ್ಸೆಲರ್ ಕೋಣೆಗೆ ಹೋದಾಗ ಇನ್ನೊಂದು ವಿಷಯ ಗೊತ್ತಾಯಿತು. ರಜೆಗೆ ಮನೆಗೆ ಕಳಿಸಬೇಕಿದ್ದ ಊಟದ ಚೀಲಗಳಲ್ಲಿ ಅರ್ಧಕ್ಕೂ ಹೆಚ್ಚು ತಳ್ಳುಗಾಡಿಯ ಮೇಲೆಯೇ ಇದ್ದವು. ಅವನ್ನು ಹಂಚುವುದು ಯಾವಾಗಲೂ ಕೊನೆಯ ಪೀರಿಯಡ್ಡಿನಲ್ಲಿ. ಆವತ್ತು ಕೊನೆಯ ಪೀರಿಯಡ್ಡೇ ಇರಲಿಲ್ಲ. ಸಹಾಯಕ್ಕೆ ಬರಬೇಕಿದ್ದ ಸ್ವಯಂಸೇವಕರಿಗೂ ಹಾಫ್ ಡೇ ನೆನಪಿರಲಿಲ್ಲ. ನ್ಯೂಸ್‌ಲೆಟರು ಅವರಿಗೂ ಹೋಗಿತ್ತು.

ಈ ಚೀಲಗಳನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಎರಡು ವಾರ ರಜೆ ಅಂದರೆ ಶಾಲೆಯ 10 ದಿನ. ಇಲ್ಲೇ ತಿಂಡಿ, ಊಟ ಎರಡೂ ಮಾಡುವ ಮಗುವಿಗೆ 20 ಹೊತ್ತಿನ ಊಟ ನಿಂತುಹೋಗುತ್ತದೆ. ಇಲ್ಲಿ ಮಧ್ಯಾಹ್ನದ ಊಟಕ್ಕೆ 1946ರಿಂದ ಕಾನೂನಿದೆ. ಬಡತನದ ರೇಖೆಯ 130 ಶೇಕಡಾವರೆಗೆ ಆದಾಯವಿದ್ದರೆ ಉಚಿತ, 185 ಶೇಕಡಾವರೆಗೆ ಕಡಿಮೆ ದರ. ಬೇಸಿಗೆ ರಜೆಗೂ ಊಟದ ಯೋಜನೆಗಳಿವೆ. 2024ರಿಂದ ಸೇರಿಕೊಂಡ ರಾಜ್ಯಗಳಲ್ಲಿ ಬೇಸಿಗೆಗೆಂದು ಅರ್ಹತೆ ಇರುವ ಪ್ರತಿ ಮಗುವಿಗೆ 120 ಡಾಲರ್ ಆಹಾರ ಕೊಳ್ಳುವ ಕಾರ್ಡಿಗೆ ಬರುತ್ತದೆ. ಚಳಿಗಾಲದ ಈ ಎರಡು ವಾರಕ್ಕೆ ಹಾಗೆ ಒದಗುವುದು ಆ ಚೀಲ ಮಾತ್ರ. ರಜೆ ಹತ್ತಿರ ಬಂದಂತೆ ಕೆಲವು ಮಕ್ಕಳು ಹೊಟ್ಟೆನೋವು ಎಂದು ನರ್ಸ್ ಹತ್ತಿರ ಜಾಸ್ತಿ ಬರುತ್ತಾರೆ. ಎಲ್ಲವೂ ಸೋಂಕಲ್ಲ. ಕೌನ್ಸೆಲರ್ ಮತ್ತು ಪ್ರಿನ್ಸಿಪಾಲ್ ಆ ಸಂಜೆ ತಮ್ಮ ಕಾರುಗಳಲ್ಲಿ ಚೀಲಗಳನ್ನು ಮನೆಮನೆಗೆ ಮುಟ್ಟಿಸಿದರು.

ತಾಯಿ ಕೆಲಸದ ಏಪ್ರನ್ನಿನಲ್ಲೇ ಓಡಿ ಬಂದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಮಗುವನ್ನು ಎತ್ತಿಕೊಂಡು ನನಗೆ ಹೇಳಿದ್ದು ಇಷ್ಟು: ‘ನಾನು ನೀವು ಕಳಿಸಿದ್ದನ್ನು ಓದಿದ್ದೆ. ಪೈಜಾಮ ಅಂತಿತ್ತು. ಅದಕ್ಕೇ ನಿನ್ನೆ ರಾತ್ರಿ ಹೋಗಿ ಹೊಸದು ತಂದೆ.’

ಮಗುವಿನ ಮೈಮೇಲೆ ಹೊಸ ಪೈಜಾಮ. ಅಂಗಡಿಯಲ್ಲಿ ಮಡಿಚಿಟ್ಟ ಗೆರೆಗಳು ಇನ್ನೂ ಹಾಗೇ ಇದ್ದವು.

ಅಪ್ಪ ಅಮ್ಮ ಓದುವುದೇ ಇಲ್ಲ ಎಂದು ನಾವು ಆಫೀಸಿನವರು ಎಷ್ಟು ಸಲ ಹೇಳುತ್ತೇವೆ! ಈಕೆ ಓದಿದ್ದರು. ಇಮೇಲ್ ತೆಗೆದು, ಮೇಲಿಂದ ಓದುತ್ತಾ ಬಂದು, ಮಗುವಿಗೆ ತಕ್ಷಣ ಬೇಕಾದ್ದು ಏನು ಎಂದು ನೋಡಿ, ದುಡ್ಡು ಖರ್ಚು ಮಾಡಿ ಅದನ್ನು ಒದಗಿಸಿದ್ದರು. ಯಾವುದು ಮುಖ್ಯ ಎಂದು ನಾವು ಮೇಲೆ ಹಾಕಿದ್ದೆವೋ ಅದನ್ನೇ ಮುಖ್ಯ ಎಂದು ನಂಬಿದ್ದರು. ಇಡೀ ದಿನ ನಿಂತು ಕೆಲಸ ಮಾಡಿ ಬಂದವರು ಫೋಟೋ, ಸ್ಪರ್ಧೆ, ಧನ್ಯವಾದ ಎಲ್ಲ ದಾಟಿ ಕೊನೆಯ ಸಾಲಿನವರೆಗೆ ಓದಬೇಕು ಎಂದು ಕೇಳುವ ಹಕ್ಕು ನಮಗಿಲ್ಲ.

ಜನವರಿಯಲ್ಲಿ ಶಾಲೆ ಶುರುವಾದ ಮೊದಲ ವಾರವೇ ಇದರ ಬಗ್ಗೆ ಕೂತೆವು. ಮಗು ಮನೆಗೆ ಹೋಗುವ ಹೊತ್ತು ಬದಲಾದರೆ ಅದನ್ನು ನ್ಯೂಸ್‌ಲೆಟರಿಗೆ ಸೇರಿಸಬಾರದು, ಬೇರೆಯಾಗಿ ಒಂದೇ ಸಾಲಿನ ಸಂದೇಶ ಕಳಿಸಬೇಕು ಎಂದೆ. ನ್ಯೂಸ್‌ಲೆಟರಿನ ಅಂದ ಕೆಡಬಾರದು, ಸಂದೇಶಗಳು ಜಾಸ್ತಿಯಾದರೆ ಜನ ಆ್ಯಪನ್ನೇ ಆಫ್ ಮಾಡುತ್ತಾರೆ ಎಂದು ಪ್ರಿನ್ಸಿಪಾಲ್ ಹಿಂಜರಿದರು. ಅದರಲ್ಲೂ ಅರ್ಥವಿದೆ. ಹಾಗಾದರೆ ಬೇರೆಯವನ್ನು ಕಡಿಮೆ ಮಾಡೋಣ ಎಂದು ಒಪ್ಪಿಕೊಂಡೆವು. ಈಗ ಹಾಫ್ ಡೇಗೆ ಮುಂಚಿನ ಎರಡು ದಿನ ಶಾಲೆಯಿಂದ ಬೇರೆ ಯಾವ ಸಂದೇಶವೂ ಹೋಗುವುದಿಲ್ಲ. ಫೋಲ್ಡರಿನಲ್ಲಿ ಬಣ್ಣದ ಹಾಳೆ ಇರುತ್ತದೆ, ಅದರ ಮೇಲೆ ದೊಡ್ಡದಾಗಿ ಸಮಯ ಮಾತ್ರ. ಕೆಳಗಿನ ತುಂಡಿಗೆ ಸಹಿ ಹಾಕಿ ವಾಪಸ್ ಕಳಿಸಬೇಕು. ಸಹಿ ಬಾರದ ಮನೆಗಳಿಗೆ ನಾನೇ ಫೋನ್ ಮಾಡುತ್ತೇನೆ. ಇದಕ್ಕೆ ಒಂದು ಇಡೀ ಬೆಳಗ್ಗೆ ಹೋಗುತ್ತದೆ. ಹೋಗಲಿ. ಡಿಸೆಂಬರಿನ ಮೊದಲ ವಾರ ನರ್ಸಿನ ನೋಟ್‌ಬುಕ್ಕು, ಟೀಚರುಗಳ ಹಾಳೆಗಳು ಎಲ್ಲ ನನ್ನ ಕೌಂಟರಿಗೆ ಬರುತ್ತವೆ, ನಂಬರುಗಳನ್ನು ಕಂಪ್ಯೂಟರಿಗೆ ಹಾಕುತ್ತೇನೆ. ಅಲ್ಲಿ ಹಾಕಿದ್ದು ಆ್ಯಪಿಗೆ ಹೋಗುವುದು ರಾತ್ರಿಯ ಸಿಂಕ್ ಆದ ಮೇಲೆ, ಅದನ್ನೂ ಲೆಕ್ಕ ಹಾಕಿಕೊಳ್ಳಬೇಕು. ಊಟದ ಚೀಲಗಳು ಈಗ ಗುರುವಾರವೇ ಹೋಗುತ್ತವೆ. ಮತ್ತೆ, ಮಗು ಏನಾದರೂ ಹೇಳಿದರೆ ಮನೆಗೆ ಫೋನ್ ಮಾಡಿ ಕೇಳುವುದು. ಸಾಲಿನಲ್ಲಿ ಎಷ್ಟೇ ಜನ ನಿಂತಿರಲಿ.

ಟ್ರಾನ್ಸ್‌ಪೋರ್ಟ್ ಆಫೀಸು ಮಾತ್ರ ಆ ದಿನ ಈಗಲೂ 1 ಗಂಟೆಗೆ ಮುಚ್ಚುತ್ತದೆ. ನಾವು ಬರೆದು ಕೇಳಿದೆವು, ಪರಿಶೀಲಿಸುತ್ತೇವೆ ಎಂಬ ಉತ್ತರ ಬಂತು, ಆಮೇಲೆ ಏನೂ ಇಲ್ಲ. ಪಿಟಿಎಯವರು ಇದನ್ನು ಸ್ಕೂಲ್ ಬೋರ್ಡ್ (ಡಿಸ್ಟ್ರಿಕ್ಟಿನ ಆಡಳಿತ ಮಂಡಳಿ) ಸಭೆಗೆ ಒಯ್ಯಲು ಒಪ್ಪಿದ್ದಾರೆ. ಅಲ್ಲಿ ಒಬ್ಬರಿಗೆ ಸಿಗುವುದು 3 ನಿಮಿಷ. ಮಾತಾಡುವವರಿಗೆ ನಾನು ಬರೆದುಕೊಟ್ಟದ್ದು ಇಷ್ಟೇ: ರಸ್ತೆಯಲ್ಲಿ ಮಕ್ಕಳಿರುವ ಒಂದು ಬಸ್ಸಾದರೂ ಇರುವ ತನಕ ಫೋನ್ ತೆಗೆಯಲು ಒಬ್ಬರು ಇರಬೇಕು.